ಇಚ್ಛಾಪುರದ ಕೋವಿ

ಕೋಲ್ಕತ್ತದ ಸಿಯಾಲ್ದಾದಿಂದ ಉತ್ತರಕ್ಕೆ, ರಾಣಾಘಾಟ್ ಕಡೆ ಹೋಗುವ ಲೋಕಲ್ ರೈಲು ಹತ್ತಿದರೆ ಸ್ವಲ್ಪದರಲ್ಲೇ ದಮ್‌ದಮ್ ಸಿಗುತ್ತದೆ. ಒಂದಷ್ಟು ನಿಲ್ದಾಣ ದಾಟಿದ ಮೇಲೆ ಬ್ಯಾರಕ್‌ಪುರ. ಅಲ್ಲಿಂದ ಪಲ್ತಾ ಕಳೆದರೆ ಇಚ್ಛಾಪುರ. ಒಟ್ಟು ಪ್ರಯಾಣ ಒಂದು ಗಂಟೆಯೂ ಇಲ್ಲ. ಆದರೆ ಭಾರತದ ಸಿಪಾಯಿಯ ಕೈಗೆ ಯಾವ ಕೋವಿ ಬಂತು, ಯಾರು ಕೊಟ್ಟರು, ಯಾವುದನ್ನು ಕೊಡಲಿಲ್ಲ ಎಂಬ ನೂರೈವತ್ತು ವರ್ಷಗಳ ಕಥೆಯೆಲ್ಲ ಈ ಮೂರು ನಿಲ್ದಾಣಗಳ ನಡುವೆ ಹರಡಿಕೊಂಡಿದೆ.

ಇಚ್ಛಾಪುರದ ಕಾರ್ಖಾನೆಯ ಹೆಸರನ್ನು ನಾನು ಮೊದಲು ಓದಿದ್ದು ಪುಸ್ತಕದಲ್ಲಲ್ಲ, ಉಕ್ಕಿನ ಮೇಲೆ. ಕಾಲೇಜಿನ ಎನ್‌ಸಿಸಿಯಲ್ಲಿ ಡ್ರಿಲ್ಲಿಗೆಂದು ಕೋತ್ ಎಂಬ ಆಯುಧದ ಕೋಣೆಯಿಂದ ಹಳೆಯ ತ್ರೀ ನಾಟ್ ತ್ರೀ (.303) ಕೋವಿಗಳನ್ನು ಹೊರತೆಗೆದು ಕೊಡುತ್ತಿದ್ದರು. ಸುಮಾರು 4 ಕೆ.ಜಿ. ತೂಕ, ಹದಿನೆಂಟರ ಹುಡುಗನ ಹೆಗಲಿಗೆ ಅರ್ಧ ಗಂಟೆಯಲ್ಲೇ ಅದು ಹತ್ತು ಕೆ.ಜಿ. ಆಗುತ್ತಿತ್ತು. ಪೆರೇಡ್ ಮುಗಿದ ಮೇಲೆ ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಸಿಕ್ಕಿಸಿ ನಳಿಗೆಯೊಳಗೆ ಎಳೆಯುವ ಹೊತ್ತಿನಲ್ಲಿ, ಬೋಲ್ಟಿನ ಹಿಡಿಯ ಕೆಳಗಿನ ಉಕ್ಕಿನ ಪಟ್ಟಿಯ ಮೇಲಿದ್ದ ಅಕ್ಷರಗಳನ್ನು ಓದುತ್ತಿದ್ದೆವು. ಕೆಲವದರಲ್ಲಿ ಒಂದು ಕಿರೀಟ, ಅದರಡಿ ಜಿ.ಆರ್.ಐ. ಇನ್ನು ಕೆಲವದರಲ್ಲಿ ಅಶೋಕ ಸ್ತಂಭದ ಸಿಂಹಗಳು. ಎರಡೂ ಒಂದೇ ಕೋವಿ, ಎರಡೂ ಇಚ್ಛಾಪುರದ್ದೇ. ಜಿ.ಆರ್.ಐ. ಎಂದರೆ ಜಾರ್ಜ್ ರಾಜ ಮತ್ತು ಚಕ್ರವರ್ತಿ ಎಂಬುದರ ಲ್ಯಾಟಿನ್ ಮೊದಲಕ್ಷರಗಳೆಂದು ಉಸ್ತಾದರು ಹೇಳಿದ್ದರು. ಇಂಗ್ಲೆಂಡಿನಲ್ಲಿ ತಯಾರಾದ ಕೋವಿಗಳ ಮೇಲೆ ಜಿ.ಆರ್. ಅಷ್ಟೇ ಇರುತ್ತಿತ್ತು. ಅಲ್ಲಿ ಅವನು ಬರೀ ರಾಜ, ಇಲ್ಲಿ ಚಕ್ರವರ್ತಿ. ಆ ಒಂದಕ್ಷರ ನನ್ನನ್ನು ಬಹಳ ಕಾಲ ಬಿಡಲಿಲ್ಲ.

ದಮ್‌ದಮ್‌ನಿಂದಲೇ ಶುರು ಮಾಡಬೇಕು. 1857ರ ಜನವರಿಯಲ್ಲಿ ಅಲ್ಲಿನ ತರಬೇತಿ ಕೇಂದ್ರದಲ್ಲಿ ಸಿಪಾಯಿಗಳಿಗೆ ಹೊಸ ಎನ್‌ಫೀಲ್ಡ್ ಕೋವಿಯ ಬಳಕೆ ಕಲಿಸುತ್ತಿದ್ದರು. ನಮ್ಮ ಮಲೆನಾಡಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಕೇಪಿನ ಕೋವಿ. ಬಾಯಿಯ ಕಡೆಯಿಂದ ಮದ್ದು ಸುರಿದು, ಗುಂಡನ್ನು ಗಜದಿಂದ ಇಡಿದು, ಕೇಪು ಇಟ್ಟು ಹೊಡೆಯುವುದು. ಹಳೆಯ ಬಂದೂಕಿಗೂ ಇದಕ್ಕೂ ಇದ್ದ ವ್ಯತ್ಯಾಸ ನಳಿಗೆಯೊಳಗೆ. ಇದರ ಒಳಮೈಯಲ್ಲಿ ಸುರುಳಿ ಗೆರೆಗಳಿದ್ದವು. ಗುಂಡು ತಿರುಗುತ್ತಾ ಹೊರಡುತ್ತಿತ್ತು, ಹಾಗಾಗಿ ಬಹುದೂರದವರೆಗೆ ಗುರಿ ತಪ್ಪುತ್ತಿರಲಿಲ್ಲ. ಮದ್ದು ಮತ್ತು ಗುಂಡನ್ನು ಒಟ್ಟಿಗೆ ಸುತ್ತಿದ್ದ ಕಾಗದದ ತೋಟಾಕ್ಕೆ ಕೊಬ್ಬು ಸವರಿರುತ್ತಿತ್ತು, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಒಂದು ದಿನ ಅಲ್ಲಿನ ಖಲಾಸಿಯೊಬ್ಬ ಬ್ರಾಹ್ಮಣ ಸಿಪಾಯಿಯ ಲೋಟಾದಿಂದ ನೀರು ಕೇಳಿದನಂತೆ, ಸಿಪಾಯಿ ಮಡಿಯ ಮಾತೆತ್ತಿದನಂತೆ. ದನದ, ಹಂದಿಯ ಕೊಬ್ಬು ಕಚ್ಚುವ ನಿನಗೆ ಜಾತಿ ಎಲ್ಲುಳಿಯುತ್ತದೆ ಎಂದು ಖಲಾಸಿ ತಿರುಗಿ ಕೇಳಿದನಂತೆ. ಆ ಮಾತು ದಂಡಿನಿಂದ ದಂಡಿಗೆ ಹಬ್ಬಿತು. ಮಾರ್ಚ್ 29ರಂದು ಬ್ಯಾರಕ್‌ಪುರದ ಪೆರೇಡ್ ಮೈದಾನದಲ್ಲಿ 34ನೇ ಬಂಗಾಳ ಕಾಲಾಳು ಪಡೆಯ ಮಂಗಲ್ ಪಾಂಡೆ ತನ್ನ ಅಧಿಕಾರಿಗಳತ್ತ ಕೋವಿ ತಿರುಗಿಸಿದ. ಏಪ್ರಿಲ್ 8ರಂದು ಅವನನ್ನು ಗಲ್ಲಿಗೇರಿಸಿದರು.

ಇದರ ನಂತರ ನಡೆದದ್ದು ಶಾಲೆಯ ಪಾಠಗಳಲ್ಲಿ ಬರುವುದು ಕಡಿಮೆ. ದಂಗೆ ಅಡಗಿದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಾಗಿಯೇ ಒಂದು ಕೋವಿ ಮಾಡಿಸಿದರು. 1858ರ ಮಾದರಿ. ಹೊರಗಿನಿಂದ ನೋಡಿದರೆ ಅದೇ ಎನ್‌ಫೀಲ್ಡ್. ಆದರೆ ಒಳಗೆ ಸುರುಳಿ ಗೆರೆ ಇಲ್ಲ, ನಳಿಗೆ ನುಣುಪು. ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಗುರಿಪಟ್ಟಿಯೂ ಇಲ್ಲ. ಎಂದರೆ, ಗುರಿ ತಪ್ಪಲೆಂದೇ ಮಾಡಿದ ಕೋವಿ. ಫಿರಂಗಿಗಳನ್ನಂತೂ ಬೆಟ್ಟದ ಕೆಲವು ಬ್ಯಾಟರಿಗಳ ಹೊರತು ಭಾರತೀಯರ ಕೈಯಿಂದ ತೆಗೆದೇಬಿಟ್ಟರು. ಅಂದಿನಿಂದ ಅದೊಂದು ಪದ್ಧತಿಯಾಯಿತು. ಗೋರಾ ಪಡೆಗಳಿಗೆ ತೋಟೆ ಕೋವಿಯಾದ ಸ್ನೈಡರ್ ಬಂದಾಗ ಸಿಪಾಯಿಗೆ ಕೇಪಿನ ಕೋವಿ. ಅವರಿಗೆ ಮಾರ್ಟಿನಿ ಹೆನ್ರಿ ಬಂದಾಗ ಇವರಿಗೆ ಸ್ನೈಡರ್. ಎರಡನೆಯ ಆಫ್ಘನ್ ಯುದ್ಧಕ್ಕೆ, 1878ರಲ್ಲಿ, ಒಂದೇ ಕಣಿವೆ ಹತ್ತಿದ ಇಬ್ಬರು ಸೈನಿಕರ ಹೆಗಲ ಮೇಲೆ ಎರಡು ಬೇರೆ ಕಾಲದ ಕೋವಿಗಳಿದ್ದವು. ಗೋರಾಗಳು ಲೀ ಮೆಟ್‌ಫರ್ಡ್‌ಗೆ ದಾಟಿದಾಗ ಮಾರ್ಟಿನಿ ಕೆಳಗಿಳಿಯಿತು. ಒಂದು ಹೆಜ್ಜೆ ಹಿಂದೆ, ಯಾವಾಗಲೂ ಒಂದು ಹೆಜ್ಜೆ ಹಿಂದೆ. ಜೀವ ಕೊಡಲು ಬೇಕಾದ ಸೈನಿಕನನ್ನು ನಂಬಲಾಗದ ಸೈನಿಕನೆಂದೂ ಲೆಕ್ಕ ಹಾಕಿದ ಆಡಳಿತ ಅದು.

ಅದೇ 1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆಯೂ ಬಂತು. ಪರವಾನಗಿ ಇಲ್ಲದೆ ಊರಿನವರು ಕೋವಿ ಇಟ್ಟುಕೊಳ್ಳುವಂತಿಲ್ಲ. ನಮ್ಮ ಕೊಡಗಿಗೆ ಮಾತ್ರ 1861ರಲ್ಲೇ ವಿನಾಯಿತಿ ಸಿಕ್ಕಿತ್ತು, ಅದು ಇಂದಿಗೂ ನಡೆದುಬಂದಿದೆ. ಕೈಲ್ ಪೊಳ್ದ್ ಹಬ್ಬದ ದಿನ ಕೊಡವರ ಮನೆಯಲ್ಲಿ ಕೋವಿಯನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ನಳಿಗೆಯ ತುದಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸುವುದನ್ನು ನೋಡಿದವರಿಗೆ ಗೊತ್ತು, ಆ ಮನೆಗಳಲ್ಲಿ ತೋಕ್, ಎಂದರೆ ಕೋವಿ, ಮನೆಯವರಲ್ಲೇ ಒಬ್ಬ. ಉಳಿದ ದೇಶದಲ್ಲಿ ಕೋವಿ ಎಂದರೆ ಸರ್ಕಾರ ಎಂದಾಯಿತು.

ಇನ್ನು .303ರ ಹುಟ್ಟು. ಜೇಮ್ಸ್ ಪ್ಯಾರಿಸ್ ಲೀ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದವನು. ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಕೆಳಗಿನಿಂದ ಸ್ಪ್ರಿಂಗ್ ತಳ್ಳುವ ಪೆಟ್ಟಿಗೆಯಂಥ ಮ್ಯಾಗಜಿನ್ ಅವನ ಯೋಚನೆ. 1888ರಲ್ಲಿ ಬ್ರಿಟಿಷ್ ಸೇನೆ ಅವನ ಬೋಲ್ಟನ್ನೂ ಮೆಟ್‌ಫರ್ಡ್ ಎಂಬವನ ನಳಿಗೆಯನ್ನೂ ಕೂಡಿಸಿ ಒಂದು ರೈಫಲ್ ಒಪ್ಪಿಕೊಂಡಿತು. ಅಷ್ಟರಲ್ಲಿ ಕರಿಮದ್ದು ಹೋಗಿ ಹೊಗೆಯಿಲ್ಲದ ಕಾರ್ಡೈಟ್ ಬಂತು. ಅದರ ಕಾವಿಗೆ ಮೆಟ್‌ಫರ್ಡ್‌ನ ಆಳವಿಲ್ಲದ ಗೆರೆಗಳು ಬೇಗ ಸವೆದವು. ಲಂಡನ್ನಿನ ಉತ್ತರಕ್ಕಿದ್ದ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆ ಹೊಸ ಗೆರೆಗಳನ್ನು ಕೊರೆಯಿತು. 1895ರಲ್ಲಿ ಲೀ ಎನ್‌ಫೀಲ್ಡ್ ಆಯಿತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಪೆಟ್ಟು ತಿಂದ ಮೇಲೆ ಅದನ್ನು ಗಿಡ್ಡ ಮಾಡಿ, ಐದೈದು ಗುಂಡುಗಳನ್ನು ಕ್ಲಿಪ್ಪಿನಿಂದ ಒಮ್ಮೆಗೇ ತುಂಬುವ ಏರ್ಪಾಟು ಮಾಡಿದರು. 1907ರ ಮಾರ್ಕ್ 3 ಆ ಸಾಲಿನ ಪಕ್ವ ರೂಪ. ಹತ್ತು ಗುಂಡಿನ ಮ್ಯಾಗಜಿನ್, ಕಡಿಮೆ ದೂರ ಎಳೆದರೆ ಸಾಕಾಗುವ ಬೋಲ್ಟ್. ಪಳಗಿದ ಸೈನಿಕ ನಿಮಿಷಕ್ಕೆ ಹದಿನೈದು ಗುಂಡುಗಳನ್ನು 300 ಗಜ ದೂರದ ಗುರಿಗೆ ಹಾಕಬೇಕೆಂಬುದು ಅಂದಿನ ಪರೀಕ್ಷೆ. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ, ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆಗಳೂ ಇದನ್ನು ಮಾಡಿದವು.

ಕಾರ್ಡೈಟ್ ಬಂದದ್ದೇ ಇಚ್ಛಾಪುರದ ಹಣೆಬರಹ ಬದಲಿಸಿತು. ಹೂಗ್ಲಿ ನದಿಯ ದಡದಲ್ಲಿ 18ನೇ ಶತಮಾನದ ಕೊನೆಯಿಂದ ಅಲ್ಲೊಂದು ಮದ್ದಿನ ಕಾರ್ಖಾನೆಯಿತ್ತು. ಈಸ್ಟ್ ಇಂಡಿಯಾ ಕಂಪನಿಯ ಯುದ್ಧಗಳಿಗೆಲ್ಲ ಕರಿಮದ್ದು ಅರೆದುಕೊಟ್ಟ ಜಾಗ. ಕರಿಮದ್ದು ಬೇಡವಾದಾಗ ಅದು ಮುಚ್ಚಿತು. ಹೊಸ ಕಾರ್ಡೈಟ್ ಕಾರ್ಖಾನೆ ನಮ್ಮ ಬಂಡೀಪುರದಾಚೆಯ ನೀಲಗಿರಿಯ ಅರವಂಕಾಡಿನಲ್ಲಿ ಎದ್ದಿತು. ಇಚ್ಛಾಪುರದ ಖಾಲಿ ಜಾಗದಲ್ಲಿ 1904ರಲ್ಲಿ ರೈಫಲ್ ಕಾರ್ಖಾನೆ ತಲೆಯೆತ್ತಿತು. ಮಂಗಲ್ ಪಾಂಡೆ ಕೋವಿ ತಿರುಗಿಸಿದ ಮೈದಾನದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಗೆರೆ ಕೊರೆದ ನಳಿಗೆಗಳನ್ನು ಭಾರತೀಯ ಕೆಲಸಗಾರರೇ ತಯಾರಿಸತೊಡಗಿದರು. ಯಾರಿಗೆ ಗೆರೆಯ ನಳಿಗೆ ಕೊಡಬಾರದೆಂದು ಅರ್ಧ ಶತಮಾನದ ಹಿಂದೆ ತೀರ್ಮಾನವಾಗಿತ್ತೋ ಅವರೇ ಈಗ ಅದನ್ನು ಕೊರೆಯುವವರು.

ಆದರೂ 1914ರಲ್ಲಿ ಆ ಒಂದು ಹೆಜ್ಜೆಯ ಅಂತರ ಪೂರ್ತಿ ಹೋಗಿರಲಿಲ್ಲ. ಸೆಪ್ಟೆಂಬರ್ 26ರಂದು ಭಾರತೀಯ ಪಡೆಗಳು ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಇಳಿದಾಗ, ಅವರು ತಂದಿದ್ದ ರೈಫಲ್‌ಗಳು ಅಲ್ಲಿ ಬಳಕೆಯಲ್ಲಿದ್ದ ಹೊಸ ಗುಂಡಿಗೆ ಹೊಂದುವಂತಿರಲಿಲ್ಲ. ಅಲ್ಲೇ ಅವನ್ನು ಒಪ್ಪಿಸಿ ಬೇರೆ ಪಡೆದು, ಕೈ ಪಳಗುವ ಮೊದಲೇ ಬೆಲ್ಜಿಯಂನ ಚಳಿಗೆ ನಡೆದರು. ಅಕ್ಟೋಬರ್ 31ರಂದು ಹೊಲೆಬೆಕೆ ಎಂಬ ಹಳ್ಳಿಯ ಬಳಿ 129ನೇ ಬಲೂಚಿ ಪಡೆಯ ಎರಡು ಮೆಷಿನ್‌ಗನ್‌ಗಳು ಜರ್ಮನ್ನರನ್ನು ತಡೆದು ನಿಂತಿದ್ದವು. ಒಂದು ಗನ್ ಶೆಲ್ ಬಡಿದು ಸುಮ್ಮನಾಯಿತು. ಇನ್ನೊಂದರ ಅಧಿಕಾರಿ ಗಾಯಗೊಂಡ. ಜತೆಗಾರರು ಐವರೂ ಸತ್ತ ಮೇಲೂ, ತಾನೂ ಗಾಯಗೊಂಡಿದ್ದ ಸಿಪಾಯಿ ಖುದಾದಾದ್ ಖಾನ್ ಗನ್ ಬಿಡಲಿಲ್ಲ. ಸತ್ತನೆಂದು ಶತ್ರುಗಳು ಬಿಟ್ಟುಹೋದ ಮೇಲೆ ರಾತ್ರಿ ತೆವಳಿಕೊಂಡು ಬಂದು ತನ್ನವರನ್ನು ಸೇರಿದ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಅವನೇ. ಭಾರತೀಯ ಸೈನಿಕನಿಗೆ ಆ ಪದಕ ಕೊಡಬಹುದೆಂಬ ನಿಯಮವಾದದ್ದೇ 1911ರಲ್ಲಿ. ಅದಕ್ಕೆ ಮೊದಲು ಅಂಥ ಧೈರ್ಯ ತೋರಿದವರಿಗೂ ಸಿಗುತ್ತಿರಲಿಲ್ಲ.

ಮೆಷಿನ್‌ಗನ್‌ಗಳ ಎದುರು ಮೈಸೂರಿನವರೂ ನಿಂತಿದ್ದರು, ಈಟಿ ಹಿಡಿದು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ಊರಿನತ್ತ ನುಗ್ಗಿದಾಗ, ಮೈಸೂರು ಲ್ಯಾನ್ಸರ್ಸ್‌ನವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ತೋಪುಗಳ ಮೇಲೆ ಬಿದ್ದರು. ಸಂಜೆಯ ಹೊತ್ತಿಗೆ ಸುಮಾರು 1,350 ಕೈದಿಗಳು, 17 ತೋಪುಗಳು, 11 ಮೆಷಿನ್‌ಗನ್‌ಗಳು ಕೈವಶವಾಗಿದ್ದವು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಮುಂದೆ ಬಸ್ಸಿಗೆ ಕಾಯುವವರಲ್ಲಿ ಅದನ್ನು ತಿರುಗಿ ನೋಡುವವರು ಕಡಿಮೆ.

ಇಲ್ಲಿಯವರೆಗೆ ಸೈನಿಕನ ಧೈರ್ಯದ ಕಥೆ. ಹೈಫಾ ಕಾಳಗ ನಡೆದು ಏಳು ತಿಂಗಳಾಗುವ ಮೊದಲೇ ಅದೇ ಸೇನೆಯ ಅದೇ ರೈಫಲ್ ಅಮೃತಸರಕ್ಕೆ ಬಂತು. 1919ರ ಏಪ್ರಿಲ್ 13, ಬೈಸಾಖಿ. ಜಲಿಯನ್‌ವಾಲಾ ಬಾಗಿನ ಇಕ್ಕಟ್ಟಾದ ಓಣಿಯಿಂದ ಡಯರ್ ತನ್ನ ಪಡೆಯನ್ನು ಒಳಗೆ ತಂದ. ಮೆಷಿನ್‌ಗನ್ ಹೊತ್ತ ಎರಡು ಉಕ್ಕಿನ ಕಾರುಗಳೂ ಬಂದಿದ್ದವು. ಓಣಿ ಕಿರಿದಾದ್ದರಿಂದ ಅವು ಹೊರಗೇ ಉಳಿದವು. ಒಳಗೆ ಹೋಗುವಂತಿದ್ದರೆ ಅವನ್ನೂ ಬಹುಶಃ ಬಳಸುತ್ತಿದ್ದೆನೆಂದು, ತನಿಖೆ ನಡೆಸಿದ ಹಂಟರ್ ಸಮಿತಿಯ ಎದುರು ಅವನು ಒಪ್ಪಿಕೊಂಡ. ರೈಫಲ್ ಹಿಡಿದವರು ಐವತ್ತು ಮಂದಿ, ಗೂರ್ಖಾಗಳು ಮತ್ತು ಭಾರತೀಯ ಸಿಪಾಯಿಗಳು. ಹಾರಿದ ಗುಂಡು 1,650. ಲೆಕ್ಕ ಹಾಕಿದರೆ ತಲೆಗೆ ಮೂವತ್ತಮೂರು. ಹತ್ತು ಗುಂಡಿನ ಮ್ಯಾಗಜಿನ್ ಖಾಲಿಯಾದಾಗ ಪ್ರತಿಯೊಬ್ಬನೂ ಕೈ ತಡೆದು, ಚೀಲಕ್ಕೆ ಕೈ ಹಾಕಿ, ಕ್ಲಿಪ್ ತೆಗೆದು, ಹೆಬ್ಬೆರಳಿನಿಂದ ಒತ್ತಿ ತುಂಬಿಸಿರಬೇಕು. ಒಮ್ಮೆಯಲ್ಲ, ಮೂರು ಬಾರಿ. ಸರ್ಕಾರಿ ಲೆಕ್ಕದಲ್ಲಿ ಸತ್ತವರು 379. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚೆಂದು ಜನ ಆಗಲೇ ಹೇಳಿದ್ದರು. ಹೆಬ್ಬೆರಳಿನಿಂದ ಕ್ಲಿಪ್ ಒತ್ತುವುದನ್ನು ನನ್ನ ಕೈಯೇ ಮಾಡಿ ನೋಡಿದ್ದರಿಂದಲೋ ಏನೋ, ಸತ್ತವರ ಸಂಖ್ಯೆಗಿಂತ ಈ ಮೂವತ್ತಮೂರು ನನ್ನನ್ನು ಹೆಚ್ಚು ಕಾಡುತ್ತದೆ. ಅಲ್ಲಿ ಕೋವಿ ಒಂದು ಹೆಜ್ಜೆಯೂ ಹಿಂದಿರಲಿಲ್ಲ. ಎದುರಿಗಿದ್ದವರ ಕೈ ಬರಿದಾಗಿತ್ತು. ಹತ್ತೊಂಬತ್ತು ವರ್ಷಗಳ ನಂತರ, 1938ರ ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ನಮ್ಮ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದಾಗ ಕನ್ನಡಿಗರಿಗೆ ತಟ್ಟನೆ ನೆನಪಾದದ್ದು ಅಮೃತಸರವೇ.

1930ರ ದಶಕದಲ್ಲಿ ಇಚ್ಛಾಪುರ ಹಗುರ ಮೆಷಿನ್‌ಗನ್ನಿಗೂ ಕೈ ಹಾಕಿತು. ಬ್ರಿಟನ್ ತನಗೆ ಜೆಕ್ ಮೂಲದ ಗನ್ ಆರಿಸಿಕೊಂಡಿತು; ಬ್ರ್ನೊ ಊರಿನ ಹೆಸರಿನ ಎರಡಕ್ಷರ, ಎನ್‌ಫೀಲ್ಡಿನ ಎರಡಕ್ಷರ ಸೇರಿ ಅದು ಬ್ರೆನ್ ಆಯಿತು. ಭಾರತದ ಸೇನೆ ಅದಕ್ಕೂ ಮೊದಲೇ ವಿಕರ್ಸ್ ಬರ್ತಿಯೆಯನ್ನು ಒಪ್ಪಿ ಇಚ್ಛಾಪುರದಲ್ಲಿ ಮಾಡಿಸತೊಡಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೇನೆಗೆ ಸೇರಿದ 25 ಲಕ್ಷ ಭಾರತೀಯರಿಗೆ ಇವೆರಡೂ ಪರಿಚಯವಾದವು. ಇಂಗ್ಲೆಂಡ್, ಕೆನಡಾ, ಅಮೆರಿಕದ ಕಾರ್ಖಾನೆಗಳು ಹೊಸ ನಂಬರ್ 4 ರೈಫಲ್ ಮಾಡುತ್ತಿದ್ದಾಗ ಇಚ್ಛಾಪುರ ಹಳೆಯ ಮಾರ್ಕ್ 3ನ್ನೇ ಮುಂದುವರಿಸಿತು. ಮರದ ಮುಂಭಾಗ ಸೀಳದಂತೆ ಅಡ್ಡಲಾಗಿ ಒಂದು ಸ್ಕ್ರೂ ಬಿಗಿದಿರುವುದು ಇಚ್ಛಾಪುರದ ಕೋವಿಗಳ ಗುರುತು. ಪರದೇಶದ ಸಂಗ್ರಾಹಕರು ಇವತ್ತಿಗೂ ಅದನ್ನು ಇಚ್ಛಾಪುರದ ಸ್ಕ್ರೂ ಎಂದೇ ಕರೆಯುತ್ತಾರೆ.

ದೇಶ ಒಡೆದಾಗ ಬಂದೂಕುಗಳೂ ಪಾಲಾದವು. ಶಸ್ತ್ರ ಕಾರ್ಖಾನೆಗಳೆಲ್ಲ ಭಾರತದ ನೆಲದಲ್ಲಿದ್ದವು. ಒಂದನ್ನೂ ಕಿತ್ತು ಕೊಡುವಂತಿರಲಿಲ್ಲ. ಪಾಕಿಸ್ತಾನ 1951ರಲ್ಲಿ ವಾಹ್ ಎಂಬಲ್ಲಿ ತನ್ನದೇ ಕಾರ್ಖಾನೆ ತೆರೆದು ನಂಬರ್ 4 ಮಾಡತೊಡಗಿತು. ಅದಕ್ಕೂ ಮೊದಲೇ, 1947ರ ಅಕ್ಟೋಬರ್ 27ರಂದು, ಸಿಖ್ ರೆಜಿಮೆಂಟಿನವರು ಶ್ರೀನಗರದಲ್ಲಿ ವಿಮಾನದಿಂದ ಇಳಿದಾಗ ಎರಡೂ ಕಡೆಯಿಂದ ಹಾರಿದ್ದು ಒಂದೇ .303 ಗುಂಡು. ಒಂದೇ ಉಸ್ತಾದರ ಬಳಿ ಕಲಿತವರು ಎದುರುಬದುರಾಗಿದ್ದರು.

ಇಚ್ಛಾಪುರದಲ್ಲಿ ಕಿರೀಟ ಹೋಗಿ ಸಿಂಹ ಬಂತು. ಕೋವಿ ಬದಲಾಗಲಿಲ್ಲ. ಇದನ್ನು ಬರೆಯುವಾಗ ನೋವಾಗುತ್ತದೆ, ಏಕೆಂದರೆ ಈಗ ತಡೆಯಲು ಪರಕೀಯರು ಯಾರೂ ಇರಲಿಲ್ಲ. ಐವತ್ತರ ದಶಕದಲ್ಲಿ ಜಗತ್ತಿನ ಸೇನೆಗಳು ಬೋಲ್ಟ್ ಎಳೆಯುವ ರೈಫಲ್ ಬಿಟ್ಟು, ಕುದುರೆ ಎಳೆದಷ್ಟು ಬಾರಿ ತಾನೇ ತುಂಬಿಕೊಳ್ಳುವ ರೈಫಲ್‌ಗೆ ದಾಟಿದವು. ನಾವು ದಾಟಲಿಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತರಾದ ಮೇಲೆ, 1962ರ ಜುಲೈನಲ್ಲಿ, ಸೆಮಿನಾರ್ ಪತ್ರಿಕೆಯಲ್ಲಿ ಅವರು ಒಂದು ಲೇಖನ ಬರೆದರು. ಚೀನಾದ ಜತೆ ಭಾರತ ಒಂಟಿಯಾಗಿ ನೇರ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾನು ಊಹಿಸಲಾರೆನೆಂಬುದು ಅದರ ಸಾರ. ಮೂರೇ ತಿಂಗಳು ಕಳೆದಿತ್ತು.

ಅಕ್ಟೋಬರ್ 20ರ ಬೆಳಗಿನ ಜಾವ, ನಾಮ್ಕಾ ಚು ಹೊಳೆಯ ದಂಡೆ. ಬ್ರಿಗೇಡಿಯರ್ ಜಾನ್ ದಳವಿಯವರ 7ನೇ ಬ್ರಿಗೇಡ್ ಹೊಳೆಯ ತಗ್ಗಿನಲ್ಲಿ, ಚೀನೀಯರು ಮೇಲಿನ ಥಗ್ಲಾ ಏಣಿನಲ್ಲಿ. ನಮ್ಮವರ ಮೈಮೇಲೆ ಹತ್ತಿಯ ಬಟ್ಟೆ, ಕೈಯಲ್ಲಿ .303, ಚೀಲದಲ್ಲಿ ತಲಾ ಐವತ್ತು ಗುಂಡು. ಎದುರಾಳಿಗಳ ಬಳಿ ತಾನೇ ತುಂಬಿಕೊಳ್ಳುವ ರೈಫಲ್‌ಗಳು, ಜತೆಗೆ ತೋಪುಗಳ ಸುರಿಮಳೆ. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ಚೂರಾಗಿತ್ತು, ಎರಡು ದಿನಗಳ ನಂತರ ದಳವಿ ಸೆರೆಯಾದರು. ಅವರು ಬರೆದ ಹಿಮಾಲಯನ್ ಬ್ಲಂಡರ್ ಪುಸ್ತಕವನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದ ಮೇಲೆ ನಮ್ಮ ಹಳ್ಳಿಗಳ ಓದುಗರಿಗೂ ಆ ಹೊಳೆಯ ಹೆಸರು ಬಾಯಿಗೆ ಬಂತು.

ಸೋಲಿನ ಹೊಣೆಯನ್ನೆಲ್ಲ ಒಂದು ರೈಫಲ್ಲಿನ ಮೇಲೆ ಹೊರಿಸುವುದು ತಪ್ಪೆಂದೇ ನನ್ನ ಭಾವನೆ. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾವೂಂ ಕಂಪನಿ ಹಿಡಿದದ್ದೂ ಅದೇ .303. ಸುಮಾರು 120 ಜನರಲ್ಲಿ 110ಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. ಮರುವರ್ಷ ಹಿಮ ಕರಗಿದ ಮೇಲೆ ಹೋದವರಿಗೆ ಕಂಡದ್ದು ಮೋರ್ಚೆಗಳಲ್ಲಿ ಆಯುಧ ಬಿಡದೆ ಹೆಪ್ಪುಗಟ್ಟಿದ್ದ ದೇಹಗಳು. ಕೋವಿ ತನ್ನ ಕೆಲಸ ಮಾಡಿತ್ತು. ಸಾಲದಾದದ್ದು ಗುಂಡು, ಬಟ್ಟೆ, ರಸ್ತೆ, ದಿಲ್ಲಿಯ ವಿವೇಕ. ಆದರೂ ಆ ಚಳಿಯಲ್ಲಿ, ಮರಗಟ್ಟಿದ ಬೆರಳುಗಳಿಂದ ಪ್ರತಿ ಗುಂಡಿಗೂ ಬೋಲ್ಟ್ ಎತ್ತಿ, ಎಳೆದು, ತಳ್ಳಿ, ಒತ್ತುವುದನ್ನು ಯೋಚಿಸಿದರೆ, ಅವರಿಗೆ ನಾವು ಏನನ್ನು ಕೊಟ್ಟು ಕಳಿಸಿದ್ದೆವು ಎಂಬ ಪ್ರಶ್ನೆ ಸುಮ್ಮನಿರಲು ಬಿಡುವುದಿಲ್ಲ.

ಆಘಾತದ ನಂತರ ಇಚ್ಛಾಪುರ ಓಡತೊಡಗಿತು. ಬೆಲ್ಜಿಯಂ ಮೂಲದ ಎಫ್‌ಎನ್ ರೈಫಲ್ಲಿನ ಭಾರತೀಯ ರೂಪ, ನಾವೆಲ್ಲ ಎಸ್‌ಎಲ್‌ಆರ್ ಎನ್ನುವುದು, ಅಲ್ಲಿಂದ ಬರತೊಡಗಿತು. ಸಾಕಷ್ಟು ಎಸ್‌ಎಲ್‌ಆರ್ ತಯಾರಾಗುವವರೆಗೆ ಕೈ ಕಟ್ಟಿ ಕೂರುವಂತಿರಲಿಲ್ಲ. ಹಾಗಾಗಿ ಹಳೆಯ ಮಾರ್ಕ್ 3ನ್ನೇ ಗಟ್ಟಿ ಉಕ್ಕಿನಲ್ಲಿ, ಹೊಸ 7.62 ಮಿ.ಮೀ. ಗುಂಡಿಗೆ ಹೊಂದುವಂತೆ, ಹನ್ನೆರಡು ಗುಂಡಿನ ಮ್ಯಾಗಜಿನ್ ಇಟ್ಟು ಮಾಡಿದರು. 2ಎ ಮತ್ತು 2ಎ1 ಎಂಬ ಹೆಸರಿನ ಆ ರೈಫಲ್‌ಗಳು ಹೊರಬಿದ್ದದ್ದು ಅರವತ್ತರ ದಶಕದ ನಡುವೆ. ಬೋಲ್ಟ್ ರೈಫಲ್ಲುಗಳ ಕಾಲ ಜಗತ್ತಿನೆಲ್ಲೆಡೆ ಮುಗಿದಿದ್ದಾಗ, ಸಾಮಾನ್ಯ ಸೈನಿಕನಿಗಾಗಿ ಹೊಸದಾಗಿ ರೂಪಿಸಿದ ಕೊನೆಯ ಕೆಲವು ಬೋಲ್ಟ್ ರೈಫಲ್‌ಗಳಲ್ಲಿ ಅದೊಂದು. ಅವಸರದ ಕೂಸಾದರೂ ಕೆಲಸಗಾರಿಕೆ ಒಳ್ಳೆಯದಿತ್ತು. ಬ್ರೆನ್ ಗನ್ನನ್ನೂ ಅದೇ 7.62ಕ್ಕೆ ಬದಲಿಸಿಕೊಂಡು ನಮ್ಮ ಸೇನೆ ದಶಕಗಳ ಕಾಲ ಬಳಸಿತು. ತೊಂಬತ್ತರ ದಶಕದ ಕೊನೆಗೆ ಇನ್ಸಾಸ್ ರೈಫಲ್ ಬಂತು, ಕಾರ್ಗಿಲ್ಲಿನ ಚಳಿಯಲ್ಲಿ ಅದರ ಮ್ಯಾಗಜಿನ್ನುಗಳು ಬಿರುಕು ಬಿಟ್ಟ ದೂರುಗಳೂ ಬಂದವು. ಈಗ ಅಮೇಠಿಯ ಕೊರ್ವಾದಲ್ಲಿ ರಷ್ಯಾದ ಜತೆಗೂಡಿ ಎಕೆ-203 ಮಾಡುತ್ತಿದ್ದಾರೆ.

ಸೇನೆ ಬಿಟ್ಟ ಕೋವಿ ಪೊಲೀಸರಿಗೆ ಇಳಿಯಿತು. ಒಂದು ಹೆಜ್ಜೆ ಹಿಂದಿನ ಜಾಗಕ್ಕೆ ಈಗ ಕಾನ್‌ಸ್ಟೆಬಲ್ ಬಂದ. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ ಹಿಡಿದ ಇಬ್ಬರು ಉಗ್ರರ ಎದುರು ಕೆಲವು ಪೊಲೀಸರ ಕೈಯಲ್ಲಿದ್ದದ್ದು .303, ಕೆಲವರ ಕೈಯಲ್ಲಿ ಬರೀ ಲಾಠಿ. ಗಿರ್‌ಗಾಂವ್ ಚೌಪಾಟಿಯಲ್ಲಿ ಪೊಲೀಸ್ ಸಿಬ್ಬಂದಿ ತುಕಾರಾಂ ಓಂಬ್ಳೆಯವರು ಆ ಇಬ್ಬರಲ್ಲೊಬ್ಬನಾದ ಕಸಬ್‌ನ ಎಕೆಯ ನಳಿಗೆಯನ್ನೇ ಎರಡೂ ಕೈಯಿಂದ ತಬ್ಬಿ ಹಿಡಿದು ಪ್ರಾಣ ಬಿಟ್ಟರು. ಉತ್ತರ ಪ್ರದೇಶದ ಪೊಲೀಸರು .303ಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ. ಮಾರ್ಕ್ 3 ಹುಟ್ಟಿ ಆಗ 113 ವರ್ಷ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹಿರಿಯ ಸಾಹಿತಿಯೊಬ್ಬರ ಅಂತ್ಯಕ್ರಿಯೆಗೆ ಹೋಗಿದ್ದೆ. ಸಕಲ ಸರ್ಕಾರಿ ಗೌರವ. ಪೊಲೀಸರು ಸಾಲಾಗಿ ನಿಂತು ಆಕಾಶದತ್ತ ಮೂರು ಸುತ್ತು ಹಾರಿಸಿದರು. ಮರದ ಕಾಗೆಗಳೆಲ್ಲ ಎದ್ದವು, ಮಗುವೊಂದು ಬೆಚ್ಚಿ ಅತ್ತಿತು. ಬೋಲ್ಟ್ ಎಳೆದಾಗ ಚಿಮ್ಮಿದ ಹಿತ್ತಾಳೆಯ ಖಾಲಿ ತೋಟಾಗಳು ಹುಲ್ಲಿನಲ್ಲಿ ಬಿದ್ದಿದ್ದವು. ಜನ ಚಿತೆಯ ಕಡೆ ಸರಿದ ಮೇಲೆ, ಸಾಲಿನ ಕೊನೆಯಲ್ಲಿದ್ದ ನಡುವಯಸ್ಸಿನ ಕಾನ್‌ಸ್ಟೆಬಲ್ ಬಗ್ಗಿ ಅವನ್ನು ಒಂದೊಂದಾಗಿ ಹೆಕ್ಕಿದರು. ಎಣಿಸಿದರು. ಒಂದು ಕಡಿಮೆ ಬಂತು. ರೈಫಲ್ಲನ್ನು ಜತೆಗಾರನ ಕೈಗೆ ಕೊಟ್ಟು, ಮಂಡಿಯೂರಿ, ಹುಲ್ಲನ್ನು ಬೆರಳಿನಿಂದ ಬಿಡಿಸುತ್ತಾ ಹುಡುಕಿದರು. ಸಿಕ್ಕಿತು. ಅದರ ಮಣ್ಣನ್ನು ಅಂಗಿಯ ತುದಿಗೆ ಒರೆಸಿ, ಉಳಿದವುಗಳ ಜತೆ ಚೀಲಕ್ಕೆ ಹಾಕಿಕೊಂಡು, ಮತ್ತೊಮ್ಮೆ ಎಣಿಸಿ ವ್ಯಾನ್ ಹತ್ತಿದರು. ಕೋತ್‌ನಲ್ಲಿ ಲೆಕ್ಕ ಒಪ್ಪಿಸಬೇಕಿತ್ತು.